ಹೊಸ ಫೋನ್ ತಂದ ಮೊದಲ ವಾರ: ಯಾವುದು ನಿಜ, ಯಾವುದು ಸುಳ್ಳು, ಹಳೆಯ ಫೋನನ್ನು ಯಾವಾಗ ಕೊಡಬೇಕು?

ಮನೆಗೆ ಹೊಸ ಫೋನ್ ಬಂದ ದಿನ ಫ್ಯಾಮಿಲಿ ಗ್ರೂಪ್‌ನಲ್ಲಿ ಸಲಹೆಗಳಿಗೆ ಬರವಿರುವುದಿಲ್ಲ. ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಿ, ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೇ ಚಾರ್ಜರ್ ಹಾಕಿ, ಫೋನ್ ಬಿಸಿಯಾದರೆ ಪೀಸ್ ಸರಿ ಇಲ್ಲ, ಕೂಡಲೇ ವಾಪಸ್ ಮಾಡಿ ಎಂದು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಕೊನೆಗೆ ‘ಎಲ್ಲರಿಗೂ ತಪ್ಪದೆ ಕಳುಹಿಸಿ’ ಎಂಬ ಸಾಲೂ ಇರುತ್ತದೆ.

ಇವುಗಳಲ್ಲಿ ಹೆಚ್ಚಿನವು ಹಳೆಯ ಕಾಲದ ಬ್ಯಾಟರಿಗಳಿಗೆ ಹೇಳಿದ ಮಾತು. ನಂಬಿದರೆ ದೊಡ್ಡ ನಷ್ಟವೇನೂ ಇಲ್ಲ, ಸ್ವಲ್ಪ ಸಮಯ ಹೋಗುತ್ತದೆ ಅಷ್ಟೆ. ಹೊಸ ಫೋನ್ ಕೊಂಡವರಿಗೆ ನಿಜವಾದ ಪೆಟ್ಟು ಬೀಳುವುದು ಹಳೆಯ ಫೋನನ್ನು ಅವಸರದಲ್ಲಿ ಕೊಟ್ಟುಬಿಟ್ಟಾಗ. ಹಣ ಕಳಿಸಲಾಗದೆ ಒದ್ದಾಡುವುದು, ವರ್ಷಗಳ ಚಾಟ್ ಮಾಯವಾಗುವುದು, ಜಿಮೇಲ್ ಬೇರೆಯವರ ಕೈಯಲ್ಲಿ ತೆರೆದಿರುವುದು ಎಲ್ಲವೂ ಆಗುವುದು ಆಗಲೇ. ಅದರ ಬಗ್ಗೆ ಫಾರ್ವರ್ಡ್ ಬರುವುದು ಅಪರೂಪ. ಆದ್ದರಿಂದ ಎರಡನ್ನೂ ಇಲ್ಲಿ ಒಟ್ಟಿಗೆ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಹೊಸ ಫೋನಿಗೆ ಎಂಟು ಗಂಟೆಯ ಮೊದಲ ಚಾರ್ಜ್ ಬೇಕಿಲ್ಲ.
• ಮೊದಲ ಒಂದೆರಡು ದಿನ ಫೋನ್ ಸ್ವಲ್ಪ ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಸಾಮಾನ್ಯ.
• ಸಿಮ್ ಬದಲಿಸಿ ಹಾಕಿದರೆ ನಂಬರ್ ಬರುತ್ತದೆ. ಫೋಟೋ, ಚಾಟ್, ಯುಪಿಐ ಬರುವುದಿಲ್ಲ.
• ಹಳೆಯ ಫೋನನ್ನು ಕನಿಷ್ಠ ಒಂದು ವಾರ ಕೈಯಲ್ಲಿಟ್ಟುಕೊಳ್ಳಿ.

ನಂಬಿಕೆ 1: ಹೊಸ ಫೋನನ್ನು ಮೊದಲು 8 ಗಂಟೆ ಚಾರ್ಜ್ ಮಾಡಬೇಕು

ತೀರ್ಪು: ತಪ್ಪು.

ಈ ಮಾತು ಹುಟ್ಟಿದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಲ್ಲಿ. ಅವನ್ನು ಪದೇ ಪದೇ ಅರ್ಧಕ್ಕೇ ಚಾರ್ಜ್ ಮಾಡಿದರೆ ಸಾಮರ್ಥ್ಯ ಕುಗ್ಗಿದಂತಾಗುವ ತೊಂದರೆ ಇತ್ತು. ಈಗಿನ ಫೋನ್‌ಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಈ ಬ್ಯಾಟರಿಗೆ ಅಂಥ ‘ನೆನಪಿನ’ ತೊಂದರೆ ಇಲ್ಲ.

ಫೋನ್ ಪೆಟ್ಟಿಗೆಯಿಂದ ಬರುವಾಗಲೇ ಅದರಲ್ಲಿ ಸ್ವಲ್ಪ ಚಾರ್ಜ್ ಇರುತ್ತದೆ. ಹಾಗೇ ಬಳಸಲು ಶುರುಮಾಡಬಹುದು. ಬ್ಯಾಟರಿ ತುಂಬಿದ ಮೇಲೆ ಫೋನೇ ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ, ಹಾಗಾಗಿ ಎಂಟು ಗಂಟೆ ಹಾಕಿಟ್ಟರೆ ಹೆಚ್ಚುವರಿ ಏನೂ ಸಿಗುವುದಿಲ್ಲ. ಪ್ರತಿ ಸಲ ಸೊನ್ನೆಗೆ ಇಳಿಸುವುದಂತೂ ಈ ಬ್ಯಾಟರಿಗೆ ಒಳ್ಳೆಯದಲ್ಲ. ಇದರ ಮುಖ್ಯ ಶತ್ರು ಬಿಸಿ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದು, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡುವುದು ಬ್ಯಾಟರಿಯ ಆಯಸ್ಸನ್ನು ಕಡಿಮೆ ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಅದನ್ನು ಬಳಸಬಹುದು.

ನಂಬಿಕೆ 2: ಹೊಸ ಫೋನ್ ಬಿಸಿಯಾದರೆ ಅದು ಕೆಟ್ಟ ಪೀಸ್

ತೀರ್ಪು: ಮೊದಲ ದಿನಗಳ ಮಟ್ಟಿಗೆ ಹೆಚ್ಚಾಗಿ ತಪ್ಪು.

ಹೊಸ ಫೋನಿಗೆ ಹಳೆಯ ಖಾತೆ ಹಾಕಿದ ಕೂಡಲೇ ಒಳಗೆ ದೊಡ್ಡ ಕೆಲಸ ಶುರುವಾಗುತ್ತದೆ. ಹತ್ತಾರು ಆಪ್‌ಗಳು ಡೌನ್‌ಲೋಡ್ ಆಗುತ್ತವೆ, ಸಾವಿರಾರು ಫೋಟೋಗಳು ಇಳಿಯುತ್ತವೆ, ಸಿಸ್ಟಂ ಅಪ್‌ಡೇಟ್ ಬರುತ್ತದೆ. ಫೋಟೋಗಳಲ್ಲಿರುವ ಮುಖಗಳನ್ನು ಗುರುತಿಸಿ ವಿಂಗಡಿಸುವ ಕೆಲಸವೂ ಹಿಂದೆಯೇ ನಡೆಯುತ್ತಿರುತ್ತದೆ. ಹೊಸ ಮನೆಗೆ ಸಾಮಾನು ಸಾಗಿಸುವ ದಿನ ಮನೆಯವರೆಲ್ಲ ಬೆವರುವಂತೆ ಫೋನೂ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ‘ಹಳೆಯದೇ ಚೆನ್ನಾಗಿತ್ತು’ ಎಂದು ಮೊದಲ ದಿನವೇ ಗೊಣಗುವವರಲ್ಲಿ ಹಲವರಿಗೆ ಕಾರಣ ಇದೇ.

ಎರಡು ಮೂರು ದಿನ ಕಾಯಿರಿ. ಆಮೇಲೂ ಸುಮ್ಮನೆ ಇಟ್ಟಾಗ ಬಿಸಿಯಾಗುತ್ತಿದ್ದರೆ, ಹಿಂಬದಿ ಉಬ್ಬಿದಂತೆ ಕಂಡರೆ, ಮುಟ್ಟಲಾಗದಷ್ಟು ಕಾದರೆ ತಡಮಾಡದೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜಿಗೆ ಹಾಕುವುದು ಬೇಡವೇ ಬೇಡ. ಕೊಂಡಾಗಲೇ ಬಿಲ್ ತೆಗೆದಿಟ್ಟುಕೊಳ್ಳಿ, ವಾಪಸ್ ಮಾಡಲು ಎಷ್ಟು ದಿನ ಅವಕಾಶವಿದೆ ಎಂದೂ ನೋಡಿಕೊಳ್ಳಿ.

ನಂಬಿಕೆ 3: 128 ಜಿಬಿ ಎಂದು ಹೇಳಿ ಕಡಿಮೆ ಕೊಟ್ಟಿದ್ದಾರೆ

ತೀರ್ಪು: ಮೋಸವಲ್ಲ, ಲೆಕ್ಕದ ವ್ಯತ್ಯಾಸ.

ಕಂಪನಿಗಳು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತವೆ. ಕಂಪ್ಯೂಟರ್‌ನ ಹಳೆಯ ಲೆಕ್ಕದಲ್ಲಿ ಅದು 1024ರ ಗುಣಕದಲ್ಲಿ ನಡೆಯುತ್ತದೆ. ಹಾಗಾಗಿ 128 ಜಿಬಿ ಎನ್ನುವುದು ಕೆಲವು ಕಡೆ ಸುಮಾರು 119 ಎಂದು ಕಾಣುತ್ತದೆ. ಅದರ ಮೇಲೆ ಫೋನ್ ನಡೆಸುವ ಸಿಸ್ಟಂ ಮತ್ತು ಕಂಪನಿಯೇ ಹಾಕಿದ ಆಪ್‌ಗಳು ಹಲವು ಜಿಬಿ ಜಾಗ ಹಿಡಿಯುತ್ತವೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಸಂಖ್ಯೆ ಪೂರ್ತಿ ನಿಮ್ಮದಲ್ಲ ಎಂದು ಎಣಿಸಿಯೇ ಕೊಳ್ಳಿ.

ನಂಬಿಕೆ 4: ಹೆಚ್ಚು ವ್ಯಾಟ್‌ನ ಚಾರ್ಜರ್ ಹಾಕಿದರೆ ಫೋನ್ ಸುಟ್ಟುಹೋಗುತ್ತದೆ

ತೀರ್ಪು: ಒಳ್ಳೆಯ ಚಾರ್ಜರ್ ಆದರೆ ತಪ್ಪು.

ಈಗ ಅನೇಕ ಫೋನ್‌ಗಳ ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ. ಹಾಗಾಗಿ ಈ ಭಯ ಹೆಚ್ಚಾಗಿದೆ. ಚಾರ್ಜರ್ ಮತ್ತು ಫೋನ್ ಮೊದಲು ಪರಸ್ಪರ ಸಂಕೇತ ಕಳಿಸಿ, ಎಷ್ಟು ವಿದ್ಯುತ್ ಬೇಕೆಂದು ನಿರ್ಧರಿಸಿಕೊಳ್ಳುತ್ತವೆ. ಫೋನ್ ತನಗೆ ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಅಪಾಯ ಇರುವುದು ರಸ್ತೆಬದಿಯ ಕಳಪೆ ಚಾರ್ಜರ್‌ಗಳಲ್ಲಿ. ಕೊಳ್ಳುವಾಗ ಬಿಐಎಸ್ ಗುರುತು ಇದೆಯೇ ನೋಡಿ.

ನಂಬಿಕೆ 5: ಸಿಮ್ ಹಾಕಿದರೆ ಎಲ್ಲವೂ ಹೊಸ ಫೋನಿಗೆ ಬರುತ್ತದೆ

ತೀರ್ಪು: ತಪ್ಪು. ಹೆಚ್ಚು ನಷ್ಟ ಮಾಡುವ ನಂಬಿಕೆಯೂ ಇದೇ.

ಕೀಪ್ಯಾಡ್ ಫೋನ್ ಕಾಲದಲ್ಲಿ ಇದು ಬಹುಮಟ್ಟಿಗೆ ನಿಜವಾಗಿತ್ತು. ಆಗ ಫೋನಿನಲ್ಲಿ ಇದ್ದದ್ದೇ ಹೆಸರು, ನಂಬರ್. ಅವು ಸಿಮ್‌ನಲ್ಲಿ ಇರುತ್ತಿದ್ದವು. ಸಾಮಾನ್ಯ ಸಿಮ್ ಸುಮಾರು 250 ಹೆಸರು ಹಿಡಿಯುತ್ತದೆ. ಈಗ ನಮ್ಮ ವಸ್ತುಗಳು ಬೇರೆ ಬೇರೆ ಕಡೆ ಹಂಚಿಹೋಗಿವೆ:

• ಹೆಸರು, ನಂಬರ್: ಕೆಲವು ಗೂಗಲ್ ಅಥವಾ ಐಕ್ಲೌಡ್ ಖಾತೆಯಲ್ಲಿ, ಕೆಲವು ಫೋನಿನಲ್ಲಿ, ಇನ್ನು ಕೆಲವು ಸಿಮ್‌ನಲ್ಲಿ.
• ಕ್ಯಾಮೆರಾ ಫೋಟೋ: ಬ್ಯಾಕಪ್ ಆನ್ ಮಾಡಿದ್ದರೆ ಖಾತೆಯಲ್ಲಿ, ಇಲ್ಲದಿದ್ದರೆ ಫೋನಿನಲ್ಲಿ ಮಾತ್ರ.
• ವಾಟ್ಸ್‌ಆಪ್‌ನಲ್ಲಿ ಬಂದ ಫೋಟೋ: ಗೂಗಲ್ ಫೋಟೋಸ್ ಇದನ್ನು ತಾನಾಗಿ ಬ್ಯಾಕಪ್ ಮಾಡುವುದಿಲ್ಲ, ಆ ಫೋಲ್ಡರ್ ಅನ್ನು ನಾವೇ ಆರಿಸಬೇಕು.
• ವಾಯ್ಸ್ ರೆಕಾರ್ಡಿಂಗ್, ಡೌನ್‌ಲೋಡ್ ಮಾಡಿದ ಪಿಡಿಎಫ್: ಹೆಚ್ಚಾಗಿ ಹಳೆಯ ಫೋನಿನಲ್ಲೇ.
• ಯುಪಿಐ ಮತ್ತು ಬ್ಯಾಂಕ್ ಆಪ್‌ನ ನೋಂದಣಿ: ಆ ಫೋನಿಗೇ ಕಟ್ಟಿರುತ್ತದೆ.

ಹೊಸ ಫೋನ್ ತೆರೆಯುವಾಗ ‘ಹಳೆಯ ಫೋನಿನಿಂದ ಕಾಪಿ ಮಾಡಿ’ ಎಂಬ ಆಯ್ಕೆ ಬರುತ್ತದೆ. ಅವಸರದಲ್ಲಿ ಅದನ್ನು ಬಿಟ್ಟು ಮುಂದೆ ಹೋಗಬೇಡಿ. ಎರಡೂ ಫೋನ್‌ಗಳನ್ನು ಪಕ್ಕದಲ್ಲಿಟ್ಟು ವೈಫೈ ಅಥವಾ ಕೇಬಲ್ ಮೂಲಕ ಸಾಗಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಆದರೆ ಅದಕ್ಕೆ ಹಳೆಯ ಫೋನ್ ನಿಮ್ಮ ಬಳಿ ಇರಬೇಕು.

ಹಣದ ವಿಷಯ: ಯುಪಿಐ ಯಾಕೆ ಕೈಕೊಡುತ್ತದೆ?

ಯುಪಿಐ ಆಪ್ ಮೊದಲ ಸಲ ತೆರೆದಾಗ ನಿಮ್ಮ ಫೋನಿನಿಂದ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ. ‘ಈ ಸಿಮ್ ಈ ಫೋನಿನಲ್ಲಿದೆ’ ಎಂದು ಬ್ಯಾಂಕಿಗೆ ಖಾತ್ರಿ ಮಾಡಿಕೊಡುವ ವ್ಯವಸ್ಥೆ ಅದು. ಫೋನ್ ಬದಲಾದರೆ ಈ ಕೆಲಸ ಮತ್ತೆ ಆಗಬೇಕು. ಎಸ್‌ಎಂಎಸ್ ಕಳಿಸಲು ರೀಚಾರ್ಜ್ ಇಲ್ಲದಿದ್ದರೆ ನೋಂದಣಿ ಅಲ್ಲೇ ನಿಲ್ಲುತ್ತದೆ. ಹಳೆಯ ಯುಪಿಐ ಪಿನ್ ಮಾತ್ರ ಸಾಮಾನ್ಯವಾಗಿ ಹಾಗೇ ನಡೆಯುತ್ತದೆ, ಹೊಸದು ಮಾಡಬೇಕಿಲ್ಲ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಾಗುವುದು ಅಂಗಡಿಯ ಕೌಂಟರ್ ಮುಂದೆ ನಿಂತಾಗ. ಹೊಸ ಫೋನಿನಲ್ಲಿ ನೋಂದಾಯಿಸಿದ ಮೊದಲ 24 ಗಂಟೆ ಯುಪಿಐ ಮೂಲಕ ಸಾಮಾನ್ಯವಾಗಿ ಒಟ್ಟು 5,000 ರೂಪಾಯಿ ಮಾತ್ರ ಕಳಿಸಬಹುದು. ಐಫೋನ್‌ನಲ್ಲಿ ಈ ಮಿತಿ 72 ಗಂಟೆಯವರೆಗೂ ಇರಬಹುದು. ಯಾರಾದರೂ ನಿಮ್ಮ ನಂಬರನ್ನು ತಮ್ಮ ಫೋನಿಗೆ ಏರಿಸಿಕೊಂಡರೂ ಖಾತೆ ಒಂದೇ ಏಟಿಗೆ ಖಾಲಿಯಾಗಬಾರದು ಎಂಬುದೇ ಇದರ ಉದ್ದೇಶ. ಆದ್ದರಿಂದ ಆಸ್ಪತ್ರೆಯ ಬಿಲ್, ಕಾಲೇಜು ಫೀಸು, ಛತ್ರದ ಬಾಕಿ ಕಟ್ಟುವ ದಿನ ಫೋನ್ ಬದಲಿಸಬೇಡಿ.

ಸಿಮ್ಮನ್ನೂ ಅದೇ ದಿನ ಬದಲಿಸಬೇಡಿ

ಹಳೆಯ ಸಿಮ್ಮನ್ನು ತೆಗೆದು ಹೊಸ ಫೋನಿಗೆ ಹಾಕಿದರೆ ತೊಂದರೆ ಇಲ್ಲ. ಅದೇ ನಂಬರಿಗೆ ಹೊಸ ಸಿಮ್ ಕಾರ್ಡ್ ಪಡೆದರೆ ಮಾತ್ರ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ದೂರಸಂಪರ್ಕ ಇಲಾಖೆ 2022ರ ನವೆಂಬರ್‌ನಲ್ಲಿ ತಂದ ನಿಯಮ ಇದು. ಎಸ್‌ಎಂಎಸ್ ಇಲ್ಲದಿದ್ದರೆ ಒಟಿಪಿ ಇಲ್ಲ, ಯುಪಿಐ ನೋಂದಣಿಯೂ ಇಲ್ಲ. ಹಾಗಾಗಿ ಸಿಮ್ ಕಾರ್ಡ್ ಬದಲಿಸಲೇಬೇಕಿದ್ದರೆ ಫೋನ್ ಬದಲಿಸುವ ಎರಡು ದಿನ ಮೊದಲೇ ಆ ಕೆಲಸ ಮುಗಿಸಿ, ಅಥವಾ ಫೋನ್ ಬದಲಿಸಿ ಎಲ್ಲ ಸರಿಹೋದ ಮೇಲೆ ಮಾಡಿ.

ಇದೇ ಗೊಂದಲವನ್ನು ಮೋಸಗಾರರೂ ಬಳಸಿಕೊಳ್ಳುತ್ತಾರೆ. ‘ನಿಮ್ಮ 5ಜಿ ಫೋನಿಗೆ ಸಿಮ್ ಅಪ್‌ಗ್ರೇಡ್ ಮಾಡಬೇಕು, ಬಂದ ಕೋಡ್ ಹೇಳಿ, ಈ ಲಿಂಕ್ ಒತ್ತಿ, ಇ-ಸಿಮ್ ಆಗುತ್ತದೆ’ ಎಂದು ಕರೆ ಬರುತ್ತದೆ. ನೀವು ಒಪ್ಪಿದರೆ ನಿಮ್ಮ ನಂಬರ್ ಅವರ ಫೋನಿಗೆ ಹೋಗುತ್ತದೆ, ಒಟಿಪಿಗಳೂ ಅಲ್ಲಿಗೇ ಹೋಗುತ್ತವೆ. ಜಿಯೋ, ಏರ್‌ಟೆಲ್‌ನ 4ಜಿ ಸಿಮ್ 5ಜಿ ಫೋನಿನಲ್ಲೂ ನಡೆಯುತ್ತದೆ. ಇ-ಸಿಮ್ ಬೇಕಿದ್ದರೆ ಕಂಪನಿಯ ಆಪ್‌ನಲ್ಲಿ ನೀವೇ ಕೇಳಿ, ಇಲ್ಲವೇ ಅಂಗಡಿಗೆ ಹೋಗಿ. ಇದ್ದಕ್ಕಿದ್ದಂತೆ ನಿಮ್ಮ ಫೋನಿನ ನೆಟ್‌ವರ್ಕ್ ಪೂರ್ತಿ ಹೋದರೆ ಬೇರೆ ಫೋನಿನಿಂದ ಕೂಡಲೇ ಸಿಮ್ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಾಟ್ಸ್‌ಆಪ್: ಒಂದು ‘ಸ್ಕಿಪ್’ ಮಾಡುವ ಅನಾಹುತ

ಹೊಸ ಫೋನಿನಲ್ಲಿ ವಾಟ್ಸ್‌ಆಪ್ ತೆರೆದು ನಂಬರ್ ಹಾಕಿದರೆ ಗ್ರೂಪ್‌ಗಳು ಬರುತ್ತವೆ. ಹಳೆಯ ಮಾತುಕತೆಗಳು ಬರಬೇಕಾದರೆ ಒಂದೋ ಹಳೆಯ ಫೋನಿನಿಂದ ನೇರವಾಗಿ ಸಾಗಿಸಬೇಕು, ಅಥವಾ ಬ್ಯಾಕಪ್ ಇರಬೇಕು. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ಗೂಗಲ್ ಖಾತೆಗೆ, ಐಫೋನ್‌ನಲ್ಲಿ ಐಕ್ಲೌಡ್‌ಗೆ ಹೋಗುತ್ತದೆ. ಇಲ್ಲಿ ಜನ ಎಡವುವ ಜಾಗಗಳು ಇವು:

• ಹೊಸ ಫೋನಿನಲ್ಲಿ ಅದೇ ನಂಬರ್ ಮತ್ತು ಅದೇ ಗೂಗಲ್ ಖಾತೆ ಇರಬೇಕು. ಅಂಗಡಿಯವರು ಅವಸರಕ್ಕೆ ಹೊಸ ಜಿಮೇಲ್ ಮಾಡಿಕೊಟ್ಟರೆ ಹಳೆಯ ಬ್ಯಾಕಪ್ ಕಾಣುವುದಿಲ್ಲ.
• ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. 2024ರಿಂದ ವಾಟ್ಸ್‌ಆಪ್ ಬ್ಯಾಕಪ್ ಕೂಡ ಅದರ ಲೆಕ್ಕಕ್ಕೇ ಸೇರುತ್ತದೆ. ಜಾಗ ತುಂಬಿದ್ದರೆ ಬ್ಯಾಕಪ್ ತಿಂಗಳುಗಳ ಹಿಂದೆಯೇ ನಿಂತಿರಬಹುದು. ಕೊನೆಯ ಬ್ಯಾಕಪ್ ಯಾವ ತಾರೀಖಿನದು ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ.
• ಆಯ್ಕೆ ಮಾಡದಿದ್ದರೆ ವಿಡಿಯೋಗಳು ಬ್ಯಾಕಪ್‌ನಲ್ಲಿ ಸೇರುವುದಿಲ್ಲ.
• ‘ರೀಸ್ಟೋರ್’ ಎಂದು ಕೇಳಿದಾಗ ‘ಸ್ಕಿಪ್’ ಒತ್ತಬೇಡಿ. ಒತ್ತಿದರೆ ಖಾಲಿ ವಾಟ್ಸ್‌ಆಪ್ ತೆರೆಯುತ್ತದೆ, ಆಮೇಲೆ ಆ ಖಾಲಿಯದೇ ಹೊಸ ಬ್ಯಾಕಪ್ ಆಗಿ ಹಳೆಯದರ ಜಾಗದಲ್ಲಿ ಕೂತುಬಿಡಬಹುದು. ತಪ್ಪಿ ಒತ್ತಿದ್ದರೆ ಹೊಸ ಬ್ಯಾಕಪ್ ಆಗುವ ಮೊದಲೇ ಆಪ್ ತೆಗೆದು ಮತ್ತೆ ಹಾಕಿ.
• ಆಂಡ್ರಾಯ್ಡ್‌ನ ಬ್ಯಾಕಪ್ಪನ್ನು ಐಫೋನ್ ಓದುವುದಿಲ್ಲ. ಹೊಸ ಐಫೋನ್ ಸೆಟಪ್ ಮಾಡುವ ಹೊತ್ತಿಗೇ ಆಪಲ್‌ನ ‘ಮೂವ್ ಟು ಐಒಎಸ್’ ಆಪ್ ಬಳಸಬೇಕು. ಆಗ ಎರಡೂ ಫೋನ್ ಕೈಯಲ್ಲಿರಲೇಬೇಕು.

ಮನೆ ಬಾಗಿಲಲ್ಲೇ ಎಕ್ಸ್‌ಚೇಂಜ್: ಹತ್ತು ನಿಮಿಷದ ಅವಸರ

ಆನ್‌ಲೈನ್‌ನಲ್ಲಿ ಎಕ್ಸ್‌ಚೇಂಜ್ ಆಫರ್ ಹಾಕಿ ಕೊಂಡರೆ, ಹೊಸ ಫೋನ್ ತಂದವರೇ ಹಳೆಯದನ್ನು ಅಲ್ಲೇ ಪಡೆದುಕೊಂಡು ಹೋಗುವುದು ವಾಡಿಕೆ. ಅಂದರೆ ಎರಡೂ ಫೋನ್ ಒಟ್ಟಿಗೆ ನಿಮ್ಮ ಕೈಯಲ್ಲಿರುವುದು ಕೆಲವೇ ನಿಮಿಷ.

ನಮ್ಮ ಬಳಗದವರೊಬ್ಬರ ಮನೆಯಲ್ಲಿ ಹೀಗೇ ಆಯಿತು. ತಂದೆಗೆಂದು ಹೊಸ ಫೋನ್ ತರಿಸಿದ್ದರು. ಡೆಲಿವರಿಯವರು ಬಾಗಿಲಲ್ಲಿ ನಿಂತು, ‘ಬೇಗ ರೀಸೆಟ್ ಮಾಡಿಕೊಡಿ ಸರ್, ಇನ್ನೂ ಬಹಳ ಮನೆ ಇದೆ’ ಎಂದರು. ರೀಸೆಟ್ ಆಯಿತು, ಫೋನ್ ಹೋಯಿತು. ಸಂಜೆ ವಾಟ್ಸ್‌ಆಪ್ ಹಾಕಿದಾಗ ಗೊತ್ತಾಯಿತು, ಬ್ಯಾಕಪ್ ಯಾವತ್ತೂ ಆನ್ ಆಗಿರಲೇ ಇಲ್ಲ. ಅದರಲ್ಲಿ ಎರಡು ವರ್ಷದ ಹಿಂದೆ ತೀರಿಕೊಂಡ ತಾಯಿ ಕಳಿಸಿದ್ದ ವಾಯ್ಸ್ ಮೆಸೇಜ್‌ಗಳಿದ್ದವು. ‘ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ’ ಎನ್ನುವಂಥ ಮಾತುಗಳೇ. ಆದರೆ ಅವರ ದನಿ ಉಳಿದಿದ್ದದ್ದು ಅಲ್ಲಿ ಮಾತ್ರ. ತಂದೆ ಆಗಾಗ ಅದನ್ನು ಕೇಳುತ್ತಿದ್ದರು ಎಂಬುದು ಮಕ್ಕಳಿಗೆ ಅವತ್ತೇ ಗೊತ್ತಾದದ್ದು.

ಕಂಪನಿಗೆ ಕರೆ ಮಾಡಿ ಫೋನ್ ವಾಪಸ್ ಬಂದಿದ್ದರೂ ಪ್ರಯೋಜನ ಇರುತ್ತಿರಲಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಮುಂದಿದೆ.

ನಂಬಿಕೆ 6: ರೀಸೆಟ್ ಮಾಡಿದರೂ ಎಲ್ಲವನ್ನೂ ವಾಪಸ್ ತೆಗೆಯಬಹುದು

ತೀರ್ಪು: ಒಂದು ಕಾಲಕ್ಕೆ ನಿಜ, ಈಗಿನ ಫೋನ್‌ಗಳಲ್ಲಿ ಬಹುಮಟ್ಟಿಗೆ ತಪ್ಪು.

2015ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಆಂಡ್ರಾಯ್ಡ್ ಫೋನ್‌ಗಳನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು ಪರೀಕ್ಷಿಸಿದ್ದರು. ರೀಸೆಟ್ ಮಾಡಿದ ಮೇಲೂ ಫೋನ್‌ಗಳಲ್ಲಿ ಮಾಹಿತಿ ಉಳಿದಿತ್ತು. ಈಗಿನ ಫೋನ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆದಿಡುತ್ತವೆ. ರೀಸೆಟ್ ಮಾಡಿದಾಗ ಆ ಗೂಢಲಿಪಿಯನ್ನು ಬಿಡಿಸುವ ಕೀಲಿಯೇ ಅಳಿಯುತ್ತದೆ. ಬೀಗ ಹಾಕಿದ ಪೆಟ್ಟಿಗೆ ಇದ್ದರೂ ಬೀಗದ ಕೈಯನ್ನು ಕರಗಿಸಿಬಿಟ್ಟಂತೆ. ಕೊಂಡವರು ನಿಮ್ಮ ಫೋಟೋ ತೆಗೆಯಲಾರರು ಎಂಬುದು ಸಮಾಧಾನದ ಸಂಗತಿ. ಆದರೆ ನಿಮಗೂ ಅದು ಮತ್ತೆ ಸಿಗುವುದಿಲ್ಲ. ‘ಡಿಲೀಟ್ ಆದದ್ದನ್ನು ತೆಗೆದುಕೊಡುತ್ತೇವೆ’ ಎಂಬ ಜಾಹೀರಾತು ನಂಬಿ ಹಣ ಕಟ್ಟುವ ಮೊದಲು ಇದು ನೆನಪಿರಲಿ.

ರೀಸೆಟ್ ಮಾಡದೆ, ಬರೀ ಗ್ಯಾಲರಿ ಅಳಿಸಿ ಕೊಡುವುದು ಮಾತ್ರ ಅಪಾಯ. ಸಿಮ್ ತೆಗೆದರೂ ಜಿಮೇಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಹಳೆಯ ಫೋನಿನಲ್ಲಿ ತೆರೆದೇ ಇರುತ್ತವೆ.

ನಂಬಿಕೆ 7: ಹೊಸ ಮಾಡೆಲ್ ಬಂದಾಗ ಹಳೆಯ ಫೋನನ್ನು ಬೇಕೆಂದೇ ನಿಧಾನ ಮಾಡುತ್ತಾರೆ

ತೀರ್ಪು: ಅರ್ಧ ನಿಜ.

ಈ ಅನುಮಾನಕ್ಕೆ ಒಂದು ಆಧಾರವಿದೆ. ಬ್ಯಾಟರಿ ಹಳತಾದ ಕೆಲವು ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ದುರ್ಬಲ ಬ್ಯಾಟರಿಯಿಂದ ಫೋನ್ ದಿಢೀರನೆ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದ್ದಾಗಿ ಹೇಳಿತು. ಗ್ರಾಹಕರಿಗೆ ತಿಳಿಸದೇ ಮಾಡಿದ್ದಕ್ಕೆ 2020ರಲ್ಲಿ ಫ್ರಾನ್ಸ್‌ನಲ್ಲಿ 2.5 ಕೋಟಿ ಯೂರೋ ದಂಡ ಬಿತ್ತು. ಅದೇ ವರ್ಷ ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗೆ ಪರಿಹಾರ ಕೊಡಲು ಕಂಪನಿ ಒಪ್ಪಿತು. ಎಲ್ಲ ಕಂಪನಿಗಳೂ ಪ್ರತಿ ವರ್ಷ ಹೀಗೇ ಮಾಡುತ್ತವೆ ಎಂದು ಇದರಿಂದ ಹೇಳಲಾಗದು.

ಇದರಲ್ಲಿ ನಮಗೊಂದು ಪಾಠವಿದೆ. ಆ ಫೋನ್‌ಗಳಿಗೆ ಹೊಸ ಬ್ಯಾಟರಿ ಹಾಕಿದರೆ ವೇಗ ಮತ್ತೆ ಬರುತ್ತಿತ್ತು. ನಿಮ್ಮ ಫೋನ್ ನಿಧಾನವಾಗಿದೆ ಎಂದರೆ ಬ್ಯಾಟರಿ ಹಳತಾಗಿದೆಯೇ, ಸ್ಟೋರೇಜ್ ತುಂಬಿದೆಯೇ ಎಂದು ಮೊದಲು ನೋಡಿ. ಬ್ಯಾಟರಿ ಬದಲಿಸಿದರೆ ಹೊಸ ಫೋನೇ ಬೇಡವಾಗಬಹುದು.

ಹಳೆಯ ಫೋನ್ ಕೊಡುವ ಮುನ್ನ

1. ವಾಟ್ಸ್‌ಆಪ್ ಬ್ಯಾಕಪ್ ಇವತ್ತಿನ ತಾರೀಖಿನದೇ ಎಂದು ನೋಡಿ. ಎಕ್ಸ್‌ಚೇಂಜ್ ಇದ್ದರೆ ಡೆಲಿವರಿಯ ಹಿಂದಿನ ರಾತ್ರಿಯೇ ಇದನ್ನು ಮುಗಿಸಿ.
2. ಕಳೆದುಕೊಳ್ಳಲಾಗದ ದನಿ, ಫೋಟೋ, ವಿಡಿಯೋಗಳನ್ನು ಬೇರೆಯಾಗಿ ಕಂಪ್ಯೂಟರ್‌ಗೋ ಪೆನ್‌ಡ್ರೈವ್‌ಗೋ ಹಾಕಿ, ತೆರೆದು ನೋಡಿ.
3. ಹೆಸರು, ನಂಬರ್‌ಗಳನ್ನು ಗೂಗಲ್ ಅಥವಾ ಐಕ್ಲೌಡ್ ಖಾತೆಗೆ ಸೇರಿಸಿ. ಆ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಪರೀಕ್ಷಿಸಿ.
4. ಹೊಸ ಫೋನ್ ಕೈಗೆ ಬಂದಿದ್ದರೆ ಬ್ಯಾಂಕ್ ಮತ್ತು ಯುಪಿಐ ಆಪ್ ಅದರಲ್ಲಿ ನಡೆಯುತ್ತಿವೆಯೇ ನೋಡಿ, ಹಳೆಯದರಲ್ಲಿ ತೆಗೆದುಹಾಕಿ.
5. ಗೂಗಲ್ ಖಾತೆಯಿಂದ ಹೊರಬನ್ನಿ. ಐಫೋನ್ ಆದರೆ ‘ಫೈಂಡ್ ಮೈ’ ಆಫ್ ಮಾಡಿ. ಇಲ್ಲದಿದ್ದರೆ ಕೊಂಡವರಿಗೆ ಫೋನ್ ತೆರೆಯುವುದಿಲ್ಲ.
6. ಸಿಮ್ ಮತ್ತು ಮೆಮರಿ ಕಾರ್ಡ್ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ.
7. *#06# ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಎರಡೂ ಫೋನ್‌ಗಳಿಂದ ಬರೆದಿಟ್ಟುಕೊಳ್ಳಿ. ಹೊಸ ಫೋನ್ ಕಳೆದುಹೋದರೆ ಸಂಚಾರ್ ಸಾಥಿಯಲ್ಲಿ ಅದನ್ನು ಬ್ಲಾಕ್ ಮಾಡಲು ಈ ಸಂಖ್ಯೆ ಬೇಕು.

ಸೆಕೆಂಡ್‌ಹ್ಯಾಂಡ್ ಫೋನ್ ಕೊಳ್ಳುವವರು ಹಣ ಕೊಡುವ ಮೊದಲೇ ಇದೇ ಐಎಂಇಐ ಸಂಖ್ಯೆಯನ್ನು ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಬಹುದು. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಕೊನೆಯ ಮಾತು

ಎಕ್ಸ್‌ಚೇಂಜ್‌ನಲ್ಲಿ ಸಾವಿರ, ಎರಡು ಸಾವಿರ ಉಳಿಯಬಹುದು. ಮನೆಯ ಹಿರಿಯರ ಫೋನ್ ಬದಲಿಸುವಾಗಲಾದರೂ ಅವಸರ ಮಾಡಬೇಡಿ. ‘ಇದರಲ್ಲಿ ನಿಮಗೆ ಬೇಕಾದದ್ದು ಏನೇನಿದೆ?’ ಎಂದು ಅವರನ್ನು ಒಂದು ಮಾತು ಕೇಳಿ, ಜೊತೆಯಲ್ಲಿ ಕೂತು ನೋಡಿ. ಎಂಟು ಗಂಟೆ ಚಾರ್ಜ್ ಮಾಡಿ ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಅದರ ಕೆಳಗೆ ಇದನ್ನು ಹಾಕಿ: ಮೊದಲು ಬ್ಯಾಕಪ್ ನೋಡಿ, ಆಮೇಲೆ ಹಳೆಯ ಫೋನ್ ಕೊಡಿ.